ಗೈರು ಎಂಬ ಪದ

ಹತ್ತಕ್ಕೆ ಪ್ರಾರ್ಥನೆ, ಹತ್ತೂ ಹತ್ತಕ್ಕೆ ಹಾಜರಿ ಪುಸ್ತಕ ಮುಚ್ಚುತ್ತಿದ್ದೆ. ನಂಜನಗೂಡಿನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಷ್ಟು ಕಾಲವೂ ಅದೇ ನಿಯಮ. ತಡವಾಗಿ ಬಂದವರು ಪಾಠ ಕೇಳಬಹುದು; ಪುಸ್ತಕದಲ್ಲಿ ಮಾತ್ರ ಕೆಂಪು ಶಾಯಿಯ ‘ಗೈ’.

ನಿವೃತ್ತನಾಗಿ ತಿ. ನರಸೀಪುರಕ್ಕೆ ಬಂದ ಮೇಲೆ ಬೆಳಗಿನ ಒಂದು ಗಂಟೆ ನಿಘಂಟಿಗೆ ಮೀಸಲು, ದಿನಕ್ಕೊಂದು ಪದ. ಒಂದು ದಿನ ಗೈರು ಸಿಕ್ಕಿತು. ಅರಬ್ಬಿಯಲ್ಲಿ ಅದಕ್ಕೆ ‘ಬೇರೆ’ ಎಂದರ್ಥ. ಪಾರ್ಸಿಯಲ್ಲಿ ಇನ್ನೊಂದು ಪದದ ಮುಂದೆ ನಿಂತು ‘ಅಲ್ಲ’ ಎನ್ನುತ್ತದೆ. ಗೈರುಹಾಜರಿ ಬಂದದ್ದು ಹಾಗೆ. ಕನ್ನಡದಲ್ಲಿ ನಾವು ಹಾಜರಿಯನ್ನು ಕೈಬಿಟ್ಟು ಗೈರನ್ನಷ್ಟೇ ಉಳಿಸಿಕೊಂಡೆವು. ಆಫ್ರಿಕದ ಸ್ವಾಹಿಲಿಯಲ್ಲಿ ಅದೇ ಮೂಲದ ಪದಕ್ಕೆ ಮನಸ್ಸು ಬದಲಿಸು ಎಂಬ ಅರ್ಥವಂತೆ. ಉರ್ದುವಿನದನ್ನು ಎದುರುಮನೆಯ ಟೈಲರ್ ಸಾಹೇಬರಿಂದ ಕೇಳಿದೆ. “ಗೈರ್ ಅಂದ್ರೆ ನಮ್ಮೋರಲ್ಲದೋರು ಸಾ, ಹೊರಗ್ನೋರು” ಅಂದರು.

ಆ ವಾರವೇ ಒಬ್ಬ ಹೆಂಗಸು ಗೇಟು ತೆರೆದು ಬಂದಳು. “ಗುರ್ತು ಸಿಕ್ತಾ ಸಾ? ದೇವನೂರು ಬಸ್ಸಿನವಳು. ದಿನಾ ಗೈರು!”

ಸಿಕ್ಕಿತು. ಆ ಬಸ್ಸು ಬರುತ್ತಿದ್ದದ್ದೇ ಹತ್ತೂಕಾಲಿಗೆ. ಸಂಜೆಯವರೆಗೂ ಕೂತು ಪಾಠ ಕೇಳುತ್ತಿದ್ದಳು, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದಳು. ಹಾಜರಿ ಸಾಲದೆಂದು ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂರಿಸಲಿಲ್ಲ. ಮರುವರ್ಷ ಮೂಗೂರಿಗೆ ಮದುವೆಯಾಗಿ ಹೋದಳು.

ಈಗ ಅವಳ ಮಗಳು ಇಲ್ಲಿ ಹತ್ತನೇ ಕ್ಲಾಸು. ಮೂಗೂರಿನ ಬಸ್ಸೂ ತಡ. “ಇಲ್ಲೂ ಅಂಗೇ ಬುಕ್ ಮುಚ್ಬುಡ್ತಾರೆ ಸಾ. ಹೆಡ್‌ಮಾಸ್ಟ್ರು ನಿಮ್ ಜೊತೇಲಿದ್ದೋರಂತಲ್ಲ, ಒಂದ್ ಮಾತ್ ಹೇಳಿ. ನಂದಂತೂ ಓಯ್ತು.”

ಮರುದಿನ ಹೋದೆ. ಹೆಡ್‌ಮಾಸ್ಟರು ಎದ್ದು ಕುರ್ಚಿ ಕೊಟ್ಟರು. ವಿಷಯ ಕೇಳಿ ನಕ್ಕರು. “ಇದು ನೀವೇ ಕಲಿಸಿದ್ದಲ್ವಾ ಸಾರ್? ಒಬ್ಬರಿಗೆ ಬಿಟ್ರೆ ಎಲ್ಲರೂ ತಡ ಮಾಡ್ತಾರೆ ಅಂತಿದ್ರಿ.”

“ಅಂತಿದ್ದೆ. ಆದ್ರೆ ಆಗ ಈ ಹುಡುಗಿಯ ತಾಯಿ ನನ್ನ ಎದುರಿಗೇ ಕೂತಿದ್ಲು. ಇಲ್ಲ ಅಂತ ಬರೆದೆ. ಅದು ಸುಳ್ಳು.”

ಅವರ ನಗು ನಿಂತಿತು. “ನೋಡೋಣ ಸಾರ್” ಎಂದರು.

ಆ ‘ನೋಡೋಣ’ ನನಗೆ ಚೆನ್ನಾಗಿ ಗೊತ್ತು. ಎಷ್ಟೋ ತಾಯಂದಿರಿಗೆ ನಾನೇ ಹೇಳಿ ಕಳಿಸಿದ್ದೇನೆ.

ಈಗ ದಿನವೂ ಹತ್ತು ಗಂಟೆಗೆ ಶಾಲೆಯ ಗೇಟಿನಲ್ಲಿ ನಿಲ್ಲುತ್ತೇನೆ. ಬಸ್ ನಿಲ್ದಾಣದಿಂದ ಅವಳ ಮಗಳು ಓಡುತ್ತ ಬರುತ್ತಾಳೆ. ನೋಟ್‌ಬುಕ್ಕಿನಲ್ಲಿ ತಾರೀಖು, ಬಂದ ಹೊತ್ತು ಬರೆದು, ಮುಂದೆ ‘ಹಾಜರಿ’ ಎಂದು ಬರೆದು ಸಹಿ ಹಾಕುತ್ತೇನೆ. ತಿಂಗಳ ಕೊನೆಗೆ ಅದನ್ನು ಹೆಡ್‌ಮಾಸ್ಟರ ಮೇಜಿನ ಮೇಲಿಡಬೇಕು. ನಿವೃತ್ತನ ಸಹಿಯನ್ನು ಒಪ್ಪುತ್ತಾರೋ ಇಲ್ಲವೋ ತಿಳಿಯದು.