ಎರಡು ಸಲ ತುಳಿಯಬೇಕಾದ ಬ್ರೇಕು

ಕಾಂಪೌಂಡರ್ ಅಂದರೆ ನಮ್ಮ ಬೀದಿಯಲ್ಲಿ ಒಬ್ಬರೇ. ಅವರಿಗೆ ಬೇರೆ ಹೆಸರೊಂದಿದೆ ಎಂಬುದು ಹೆಂಡತಿಗೂ ಮರೆತುಹೋದಂತಿತ್ತು. ಡಾಕ್ಟರ ಕ್ಲಿನಿಕ್ಕಿನ ಸಣ್ಣ ಕಿಟಕಿಯ ಹಿಂದೆ ನಿಂತು ಮಾತ್ರೆ ಕಟ್ಟಿಕೊಡುವುದು, ಗಾಯ ತೊಳೆದು ಪಟ್ಟಿ ಹಾಕುವುದು, ಡ್ರಿಪ್ ಏರಿಸುವುದು, ಇದರಲ್ಲೇ ಅವರ ತಲೆ ನರೆತಿತ್ತು.

ಡಾಕ್ಟರು ಹೊಸ ಕಾರು ಕೊಂಡಾಗ ಹಳೆಯದನ್ನು ಇವರಿಗೆ ಬಿಟ್ಟುಕೊಟ್ಟರು. ಆಗಲೇ ಅದು ಓಡಬೇಕಾದ್ದಕ್ಕಿಂತ ಹೆಚ್ಚು ಓಡಿತ್ತು. ಕಿಲೋಮೀಟರು ತೋರಿಸುವ ಮೀಟರಿನಲ್ಲಿ ಅಂಕಿಗಳು ಕೊನೆ ಮುಟ್ಟಿ, ತಿರುಗಿ ಸೊನ್ನೆಗೆ ಬಂದು, ಮತ್ತೆ ಹೊರಟಿದ್ದವು. "ಇದಕ್ಕೀಗ ಎರಡನೇ ಜನ್ಮ" ಎಂದು ಕಾಂಪೌಂಡರ್ ನಗುತ್ತಿದ್ದರು. ಬೀದಿಯವರು ಮಾತ್ರ ಅದನ್ನು ಕೊನೆತನಕ ಡಾಕ್ಟರ್ ಕಾರು ಎಂದೇ ಕರೆದರು.

ಸಂಜೆ ಕ್ಲಿನಿಕ್ಕು ಮುಚ್ಚಿದ ಮೇಲೆ, ನಡೆಯಲಾರದ ಮುದುಕರನ್ನೂ ಬಸುರಿ ಹೆಂಗಸರನ್ನೂ ಅವರು ಅದೇ ಕಾರಿನಲ್ಲಿ ಮನೆ ಮುಟ್ಟಿಸುತ್ತಿದ್ದರು. ಪೆಟ್ರೋಲಿಗೆಂದು ಯಾರಾದರೂ ಏನಾದರೂ ಕೊಡಲು ಬಂದರೆ ಕೈ ಅಡ್ಡ ಹಿಡಿಯುತ್ತಿದ್ದರು. ಇಂಥ ಮನುಷ್ಯ ಹುಡುಕಿದರೂ ಸಿಗುವುದಿಲ್ಲ ಎಂದು ಜನ ಆಡುವುದು ಅವರ ಕಿವಿಗೂ ಬಿದ್ದಿತ್ತು. ಬಿದ್ದಾಗ ಅವರು ತಲೆ ತಗ್ಗಿಸಿ ಪೊಟ್ಟಣ ಕಟ್ಟುತ್ತಿದ್ದರು, ಆದರೆ ಕಿವಿ ಅತ್ತಲೇ ಇರುತ್ತಿತ್ತು.

ಕಾರಿನ ಆರೈಕೆ ಅವರದೇ. ರಜೆಯ ದಿನ ಬೆಳಗ್ಗೆ ಬಾನೆಟ್ ಎತ್ತಿ ನಿಂತರೆ ಊಟಕ್ಕೆ ಕರೆದರೂ ಕೇಳುತ್ತಿರಲಿಲ್ಲ. ಬಾಗಿಲ ಕೀಲುಗಳಿಗೆ ಸಿರಿಂಜಿನಿಂದ ತೊಟ್ಟು ತೊಟ್ಟಾಗಿ ಎಣ್ಣೆ ಬಿಡುತ್ತಿದ್ದರು. ಕೊಳೆ ಹಿಡಿದ ಭಾಗಗಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸುತ್ತಿದ್ದರು. ಬಿರುಕು ಬಿಟ್ಟ ರಬ್ಬರ್ ಪೈಪುಗಳಿಗೆ ಗಾಯದ ಅಂಟುಪಟ್ಟಿಯನ್ನು ಬಿಗಿಯಾಗಿ ಸುತ್ತುತ್ತಿದ್ದರು, ಒಂದು ಸುತ್ತಿನ ಮೇಲೆ ಇನ್ನೊಂದು ಅರ್ಧ ಕೂರುವಂತೆ, ಮುರಿದ ಕೈಗೆ ಸುತ್ತುವ ಹಾಗೆಯೇ.

ಒಂದು ಸಲ ರೇಡಿಯೇಟರ್ ಕುದಿದು ಕಾರು ನಡುಬೀದಿಯಲ್ಲಿ ನಿಂತಾಗ ಗ್ಯಾರೇಜಿಗೆ ತಳ್ಳಿಸಿಕೊಂಡು ಹೋಗದೆ ಗತಿಯಿರಲಿಲ್ಲ. ಬಾನೆಟ್ ಎತ್ತಿದ ಮೆಕ್ಯಾನಿಕ್ ಒಳಗಿನ ಬಿಳಿ ಪಟ್ಟಿಗಳನ್ನು ನೋಡಿದ.

"ಬನ್ರೋ ಇಲ್ಲಿ, ಪೇಷೆಂಟ್ ಅಡ್ಮಿಟ್ ಆಗಿದೆ" ಎಂದು ಒಳಗಿನವರನ್ನು ಕರೆದ. ಅವರು ಬಂದು ಬಗ್ಗಿ ನೋಡಿದರು. "ಕಾಂಪೌಂಡರ್ ಸಾಹೇಬ್ರೇ, ಇದಕ್ಕೆ ಮಾತ್ರೆ ಊಟಕ್ಕೆ ಮುಂಚೆನೋ, ಊಟ ಆದ್ಮೇಲೋ?"

ಎಲ್ಲರೂ ನಕ್ಕರು. ಕಾಂಪೌಂಡರೂ ನಕ್ಕರು. ಆದರೆ ಅಲ್ಲಿಂದೀಚೆಗೆ ಗ್ಯಾರೇಜಿನ ಬೀದಿಯನ್ನೇ ತಪ್ಪಿಸಿ ಸುತ್ತುಬಳಸಿ ಮನೆಗೆ ಬರುತ್ತಿದ್ದರು.

ಹಾಗಾಗಿ ಬ್ರೇಕ್ ಆಯಿಲ್ ಡಬ್ಬಿಯಿಂದ ಕೆಳಗಿಳಿಯುವ ಗೇಣುದ್ದದ ರಬ್ಬರ್ ಕೊಳವೆ ಜಿನುಗತೊಡಗಿದಾಗ ಅವರು ಗ್ಯಾರೇಜಿಗೆ ಹೋಗಲಿಲ್ಲ. ಕ್ಲಿನಿಕ್ಕಿನಲ್ಲಿ ಬಳಸಿ ಬಿಸಾಡಿದ ಡ್ರಿಪ್ ಟ್ಯೂಬಿನಲ್ಲಿ ಒಂದು ತುಂಡು ಕತ್ತರಿಸಿ, ತೊಳೆದು, ಹಾಕಿದರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಗ್ಲೂಕೋಸ್ ಹರಿಯಲೆಂದು ಮಾಡಿದ ಪ್ಲಾಸ್ಟಿಕ್ ಅದು. ಬ್ರೇಕ್ ಆಯಿಲ್ ಅದನ್ನು ಒಳಗಿಂದೊಳಗೆ ತಿಂದುಹಾಕುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಬ್ರೇಕಿಗೆ ಹಾಕುವಂಥದ್ದಲ್ಲ ಎಂಬುದು ಮಾತ್ರ ಗೊತ್ತಿತ್ತು. ಮುಂದಿನ ವಾರ ಸರಿಯಾದದ್ದು ಹಾಕಿಸೋಣ ಎಂದುಕೊಂಡರು. ಆ ಮುಂದಿನ ವಾರ ಬರಲೇ ಇಲ್ಲ.

ಕ್ರಮೇಣ ಬ್ರೇಕು ಒಂದೇ ತುಳಿತಕ್ಕೆ ಹಿಡಿಯುವುದನ್ನು ಬಿಟ್ಟಿತು. ಎರಡು ಸಲ ತುಳಿದರೆ ಹಿಡಿಯುತ್ತಿತ್ತು. ಅವರ ಕಾಲು ಅದನ್ನು ಕಲಿತುಕೊಂಡಿತು. ಕಾಲು ಕಲಿತ ಮೇಲೆ ತಲೆ ಅದರ ಗೊಡವೆ ಬಿಟ್ಟಿತು.

ಆ ಹೊತ್ತಿಗೆ ಡಾಕ್ಟರ ಡ್ರೈವರು ಕಣ್ಣು ಮಂಜಾಗಿ ಕೆಲಸ ಬಿಡುವವನಿದ್ದ. ತಾಯಿಯನ್ನು ಆಗಾಗ ಕರೆದುಕೊಂಡು ಓಡಾಡಬೇಕು, ನಂಬಿಕಸ್ಥ ಬೇಕು ಎಂದು ಡಾಕ್ಟರು ಹೇಳಿದರು. ಕಾಂಪೌಂಡರ್ ತಮ್ಮ ಹೆಂಡತಿಯ ತಮ್ಮನ ಹೆಸರು ಹೇಳಿದರು. ಅವನು ಮರದ ಡಿಪೋದಲ್ಲಿ ಲಾರಿಗೆ ಹಲಗೆ ಏರಿಸುತ್ತಿದ್ದ, ಡಿಪೋದ ವ್ಯಾನನ್ನೂ ಓಡಿಸುತ್ತಿದ್ದ. ಎಷ್ಟು ನಿಧಾನವಾಗಿ ಎಂದರೆ ಜೊತೆಯವರು ಅವನನ್ನು ಬಸವನಹುಳು ಎಂದು ಕರೆಯುತ್ತಿದ್ದರು. ಹಲಗೆ ಹೊತ್ತು ಹೊತ್ತು ಅವನ ಸೊಂಟ ಹಿಡಿದುಹೋಗಿತ್ತು. ಈ ಕೆಲಸ ಸಿಕ್ಕರೆ ಬದುಕಿದೆ ಎಂದುಕೊಂಡಿದ್ದ.

ಒಂದು ಬೆಳಗ್ಗೆ ಕಾಂಪೌಂಡರಿಗೆ ಜ್ವರ ಬಂತು. ಮನೆಯಲ್ಲಿದ್ದ ಔಷಧಿ ಪೆಟ್ಟಿಗೆ ಕ್ಲಿನಿಕ್ಕಿಗೆ ತಲುಪಬೇಕಿತ್ತು.

"ನಾನು ಕೊಟ್ಟು ಬರ್ತೀನಿ ಭಾವ. ಡಾಕ್ಟರೂ ನನ್ನ ಡ್ರೈವಿಂಗ್ ನೋಡಿದಂಗಾಗುತ್ತೆ" ಎಂದು, ಅಕ್ಕನ ಮನೆಗೆ ಬಂದಿದ್ದ ಬಸವನಹುಳು ಕೀಲಿಕೈಗೆ ಕೈ ಚಾಚಿದ.

ಎರಡು ಸಲ ತುಳಿ ಎಂಬ ಮಾತು ಕಾಂಪೌಂಡರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಿಂದಿನ ವಾರವಷ್ಟೇ ಇವನ ಎದುರಿಗೇ, ನನ್ನ ಕಾರು ಇವತ್ತಿಗೂ ಹೊಸದರ ಹಾಗಿದೆ ಎಂದು ಕೊಚ್ಚಿಕೊಂಡಿದ್ದರು. ಈಗ ಹೇಳಿದರೆ ಯಾಕೆ ಎಂದು ಕೇಳುತ್ತಾನೆ, ಯಾಕೆ ಎಂದರೆ ಡ್ರಿಪ್ ಟ್ಯೂಬಿನ ಕಥೆ ಬರುತ್ತದೆ.

"ಮೆಲ್ಲಗೆ ಹೋಗು" ಎಂದರು.

"ನನಗೆ ಅದನ್ನ ಬೇರೆ ಹೇಳ್ಬೇಕಾ?" ಎಂದು ಅವನು ನಕ್ಕು ಹೋದ.

ಕ್ಲಿನಿಕ್ಕಿನ ಗೇಟಿಗೆ ಇಳಿಜಾರು. ಒಳಗೆ ಎದುರಿಗೇ ಬೆಂಚಿನ ಮೇಲೆ ರೋಗಿಗಳು ಕೂತಿರುತ್ತಾರೆ. ಬಸವನಹುಳು ಬ್ರೇಕ್ ತುಳಿದ. ಪೆಡಲು ಸೀದಾ ತಳಕ್ಕೆ ಹೋಯಿತು. ಬೆಂಚು ಹತ್ತಿರ ಬರುತ್ತಿತ್ತು. ಅವನು ಸ್ಟೀರಿಂಗ್ ಎಳೆದು ಕಾರನ್ನು ಗೇಟಿನ ಕಲ್ಲುಕಂಬಕ್ಕೆ ಕೊಟ್ಟ. ಯಾರಿಗೂ ಏನೂ ಆಗಲಿಲ್ಲ. ಅವನ ತುಟಿ ಒಡೆಯಿತು. ಕಿಟಕಿಯಿಂದ ಡಾಕ್ಟರು ಕಂಡದ್ದು ಇಷ್ಟೇ: ಕಾರು ನುಗ್ಗಿ ಬಂದು ಕಂಬಕ್ಕೆ ಗುದ್ದಿದ್ದು. ಬ್ರೇಕ್ ಹಿಡೀಲಿಲ್ಲ ಸಾರ್ ಎಂದು ಅವನು ಹೇಳಿದ. ಗುದ್ದಿದವರೆಲ್ಲ ಹೇಳುವ ಮಾತೇ ಅದು ಎಂದು ಡಾಕ್ಟರು ಅಂದುಕೊಂಡರು.

ಮನೆಯಲ್ಲಿ ಅಕ್ಕ ಅವನನ್ನು ಜಗಲಿಯ ಮೇಲೆ ನಿಲ್ಲಿಸಿ ಬೈದಳು. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದಿದ್ದರು.

"ಬಸವನಹುಳು ಅಂತಾರೆ ನಿನ್ನ. ಇವತ್ತೇ ರೆಕ್ಕೆ ಬರ್ಬೇಕಿತ್ತಾ? ಡಾಕ್ಟರ ಮುಂದೆ ಜಂಬ ತೋರಿಸೋಕೆ ಹೋದೆ ಅಲ್ವಾ?"

"ಇಲ್ಲ ಅಕ್ಕ. ಬ್ರೇಕ್ ಹಿಡೀಲಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ದಿನಾ ಆ ಕಾರನ್ನ ಮಗು ಥರ ನೋಡ್ಕೊಳ್ಳೋ ಮನುಷ್ಯ ಇಲ್ಲೇ ಕೂತಿದ್ದಾರೆ, ಕೇಳು. ಏನ್ರೀ, ಬ್ರೇಕ್ ಸರಿ ಇತ್ತು ತಾನೇ?"

ಕಾಂಪೌಂಡರ್ ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಿದ್ದರು. "ನಿನ್ನೆ ತಾನೇ ನಾನು ಓಡಿಸಿದ್ದೆ" ಎಂದರು.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬಸವನಹುಳು ಅವರ ಮುಖವನ್ನೊಮ್ಮೆ ನೋಡಿದ. ಆಮೇಲೆ ಬ್ರೇಕಿನ ಮಾತು ಎತ್ತಲಿಲ್ಲ. ಅಕ್ಕ ಬೈದು ಮುಗಿಸುವವರೆಗೆ ನಿಂತಿದ್ದು, ಚಪ್ಪಲಿ ಮೆಟ್ಟಿಕೊಂಡು ಹೋದ.

ಜ್ವರ ಇಳಿದ ಮೇಲೆ ಕಾಂಪೌಂಡರ್, ಗುದ್ದಿದಲ್ಲಿಂದ ತಳ್ಳಿ ಪಕ್ಕಕ್ಕೆ ನಿಲ್ಲಿಸಿದ್ದ ಕಾರಿನ ಬಾನೆಟ್ ಎತ್ತಿದರು. ಮೆತ್ತಗಿದ್ದ ಟ್ಯೂಬು ಒಣಗಿದ ಕಡ್ಡಿಯಂತೆ ಸೆಟೆದು, ಉದ್ದಕ್ಕೆ ಸೀಳಿತ್ತು. ಆಯಿಲ್ ಪೂರಾ ಸೋರಿಹೋಗಿತ್ತು. ಅಂದರೆ ಅವತ್ತು ಎರಡಲ್ಲ, ಎಷ್ಟು ಸಲ ತುಳಿದಿದ್ದರೂ ಹಿಡಿಯುತ್ತಿರಲಿಲ್ಲ. ತಾನು ಹೇಳಿದ್ದರೂ ಅಷ್ಟೇ ಆಗುತ್ತಿತ್ತು ಎಂದು ಒಂದು ಗಳಿಗೆ ಸಮಾಧಾನವಾಯಿತು. ಆ ಸಮಾಧಾನಕ್ಕೇ ನಾಚಿಕೆಯಾಯಿತು. ಟ್ಯೂಬನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು.

ಹೇಳಬೇಕು ಎಂದು ದಿನವೂ ಹೊರಡುತ್ತಿದ್ದರು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಕಿಟಕಿಯ ಹೊರಗೆ ಯಾರಾದರೂ ಬ್ರೇಕು ಎಂದರೆ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಬಾಕಿ. ಡಿಪೋದ ಮುಂದೆ ಹಾದುಹೋಗುವಾಗ ಬಸವನಹುಳು ಸೊಂಟಕ್ಕೆ ಟವೆಲ್ ಬಿಗಿದು ಹಲಗೆ ಹೊರುತ್ತಿದ್ದುದು ಕಂಡಿತು. ಅವನು ಇವರನ್ನು ನೋಡಿದ, ಇವರು ಅಂಗಡಿ ಬೋರ್ಡು ಓದಿದರು.

ಕೊನೆಗೆ ಡಾಕ್ಟರೇ ಮಾತು ತೆಗೆದರು. "ಡ್ರೈವರ್ ಕೆಲಸಕ್ಕೆ ಬೇರೊಬ್ಬ ಸಿಕ್ಕಿದ್ದಾನೆ ಕಾಂಪೌಂಡರ್. ನಾಳೆ ಬಾ ಅಂತೀನಿ. ನಿಮಗೇನೂ ಬೇಜಾರಿಲ್ಲ ತಾನೇ?"

"ಸಾರ್, ನನ್ನ ಭಾವಮೈದುನಂದು ತಪ್ಪಿಲ್ಲ. ಕಾರಿನ ಬ್ರೇಕ್ ಹಾಳಾಗಿತ್ತು. ನನಗೆ ಗೊತ್ತಿತ್ತು."

ಡಾಕ್ಟರು ಅವರನ್ನೇ ನೋಡಿದರು. ಆಮೇಲೆ ಮುಖ ಅರಳಿತು. ಎದುರಿಗೆ ಕೂತಿದ್ದ ರೋಗಿಯ ಕಡೆ ತಿರುಗಿ, "ನೋಡಿದ್ರಾ ಅಮ್ಮ? ಹೆಂಡತಿ ತಮ್ಮ ಅಂತ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದಾರೆ. ಇವರ ಗುಣವೇ ಹೀಗೆ" ಎಂದರು.

"ನಂಗೊತ್ತಿಲ್ವಾ? ಹೋದ ತಿಂಗಳು ನನ್ನ ಮನೆತನಕ ಬಿಟ್ಟು ಬಂದ್ರು, ಒಳಗೆ ಬಂದು ನೀರೂ ಕುಡೀಲಿಲ್ಲ" ಎಂದಳು ಆ ಮುದುಕಿ.

ಕಾಂಪೌಂಡರ್ ಕಿಟಕಿಗೆ ವಾಪಸು ಬಂದರು. ಹೊರಗೆ ನಿಂತವರು ಅವರನ್ನು ಎಂದಿಗಿಂತ ಹೆಚ್ಚು ಮರ್ಯಾದೆಯಿಂದ ನೋಡುತ್ತಿದ್ದರು. ಹೇಳಿದ್ದಾಯಿತಲ್ಲ, ನಂಬದಿದ್ದರೆ ಅದು ಅವರಿಷ್ಟ ಎಂದು ಒಳಗೊಂದು ದನಿ ಅಂದಿತು. ಆ ದನಿಯ ಮಾತು ಕೇಳಿ ಪೊಟ್ಟಣ ಕಟ್ಟಿದರು. ಇನ್ನೊಂದು ಕಟ್ಟಿದರು. ಮಾತ್ರೆ ತಪ್ಪಿ ಕೆಳಗೆ ಬಿತ್ತು. ಅದನ್ನು ಎತ್ತಲು ಬಗ್ಗಿದಾಗ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಎದ್ದು ಒಳಗೆ ಹೋಗಿ ಜೇಬಿನಿಂದ ಟ್ಯೂಬ್ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟರು. ಮುದುಕಿ ಇನ್ನೂ ಅಲ್ಲೇ ಕೂತಿದ್ದಳು.

ಡಾಕ್ಟರು ಅದನ್ನು ಬೆರಳಲ್ಲಿ ತಿರುಗಿಸಿದರು. "ಇದು ನಮ್ಮ ಡ್ರಿಪ್ ಟ್ಯೂಬ್ ಅಲ್ವಾ?"

"ಹೌದು ಸಾರ್. ಬಿಸಾಡಿದ್ದು."

"ಇದನ್ನ ಎಲ್ಲಿ ಹಾಕಿದ್ರಿ?"

"ಬ್ರೇಕಿಗೆ. ಗ್ಯಾರೇಜಲ್ಲಿ ನಗ್ತಾರೆ ಅಂತ."

ಡಾಕ್ಟರ ಕಣ್ಣು ಮುದುಕಿಯ ಮೇಲೆ ಹೋಗಿ ನಿಂತಿತು.

"ಈ ಕಾರಲ್ಲೇ ಅಲ್ವಾ ನೀವು ನನ್ನ ಪೇಷೆಂಟ್‌ಗಳನ್ನ ಮನೆಗೆ ಬಿಡ್ತಿದ್ದಿದ್ದು?"

ಕಾಂಪೌಂಡರ್ ಇಷ್ಟು ದಿನ ಭಾವಮೈದುನನ ಬಗ್ಗೆ ಮಾತ್ರ ಯೋಚಿಸಿದ್ದರು. ಇದು ಅವರ ತಲೆಗೆ ಹೊಳೆದೇ ಇರಲಿಲ್ಲ. ಮುದುಕಿ ಮಡಿಲಲ್ಲಿದ್ದ ಚೀಲವನ್ನು ಎದೆಗವಚಿಕೊಂಡು, ಅವರನ್ನು ಹೊಸಬರನ್ನು ನೋಡುವ ಹಾಗೆ ನೋಡಿದಳು.

"ಅವನನ್ನ ನಾಳೆ ಬರೋಕೆ ಹೇಳಿ" ಎಂದರು ಡಾಕ್ಟರು. "ಬೆಂಚಿನ ಮೇಲಿದ್ದವರನ್ನ ಉಳಿಸಿದವನು ಅವನೇ. ಯಾಕೆ ಕರೆದೆ ಅನ್ನೋದನ್ನ ನೀವೇ ಹೇಳ್ಬೇಕು. ನಾನು ಹೇಳೋಲ್ಲ."

ಮನೆಗೆ ನಡೆದೇ ಬಂದರು. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದರು. ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ಕೊನೆಯ ತಟ್ಟೆಯನ್ನೂ ಒರೆಸಿಟ್ಟ ಮೇಲೆ ಮಾತಾಡಿದಳು.

"ನಾನು ಬೀದಿಯವರ ಮುಂದೆ ಅವನಿಗೆ ಬೈಯುವಾಗ ನೀವು ಅಲ್ಲೇ ಕೂತಿದ್ರಿ."

"ಹೂಂ."

"ನಾನು ನಿಮ್ಮನ್ನೇ ಕೇಳಿದ್ದೆ."

"ಹೂಂ."

"ಕಾರು ಹಾಳಾಗೋದು ಇದ್ದದ್ದೇ ಕಣ್ರೀ. ಅದಕ್ಕೇನು ವಯಸ್ಸಾಗಿಲ್ವಾ? ನನ್ನ ಬಾಯಲ್ಲಿ ಅವನಿಗೆ ಬೈಸಿದ್ರಲ್ಲ, ಅದನ್ನ ನಾನು ಎಲ್ಲಿ ಇಟ್ಕೊಳ್ಳಲಿ?"

ಅವಳು ಸೆರಗಿಗೆ ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

"ನಾನೂ ಬರ್ತೀನಿ" ಎಂದರು.

"ಬೇಡ. ಮೊದಲು ನಾನು ಹೋಗಿ ನನ್ನ ತಪ್ಪು ಒಪ್ಕೊಂಡು ಬರ್ತೀನಿ. ನಿಮ್ಮದನ್ನ ನೀವು ಆಮೇಲೆ ಒಬ್ಬರೇ ಹೋಗಿ ಹೇಳಿ. ನಾನು ಪಕ್ಕದಲ್ಲಿದ್ದರೆ ಅವನು ಪರವಾಗಿಲ್ಲ ಬಿಡಿ ಭಾವ ಅಂದುಬಿಡ್ತಾನೆ."

ಅವಳು ಬೀದಿಯ ತಿರುವು ದಾಟುವವರೆಗೆ ಕಾಂಪೌಂಡರ್ ಜಗಲಿಯಲ್ಲಿ ನಿಂತಿದ್ದರು. ಎದುರುಮನೆಯಾಕೆ ಬಾಗಿಲಿಗೆ ಬಂದು, ಮೈ ಹುಷಾರಾಯ್ತಾ ಎಂದು ವಿಚಾರಿಸಿದಳು. ಹುಷಾರಾಗಿದ್ದೀನಿ ಎಂದರು. ಆಮೇಲೆ, "ಅವತ್ತು ಬ್ರೇಕ್ ಹಾಳಾಗಿತ್ತಮ್ಮ, ನಮ್ಮ ಹುಡುಗನದ್ದೇನೂ ತಪ್ಪಿರಲಿಲ್ಲ" ಎಂದು ಅವಳಿಗೆ ಹೇಳಲು ಶುರು ಮಾಡಿದರು. ಪಕ್ಕದ ಮನೆಯವರೂ ಹೊರಗೆ ಬಂದರು. ಅವರಿಗಾಗಿ ಮೊದಲಿನಿಂದ ಹೇಳಬೇಕಾಯಿತು.