ಹಲಗೆಯ ಹಿಂದೆ ಹನ್ನೊಂದು ವರ್ಷ

ಊರಿನಲ್ಲಿ ಅರವತ್ತು ದಾಟಿದ ಯಾವ ಗಂಡಸನ್ನಾದರೂ ಕೇಳಿ, ನಮ್ಮ ಫುಟ್‌ಬಾಲ್ ಕ್ಲಬ್ಬಿನ ಫೈನಲ್ಲಿನ ಆ ಗೋಲನ್ನು ಕಣ್ಣಾರೆ ಕಂಡೆ ಎನ್ನುತ್ತಾನೆ. ಮೈದಾನದಲ್ಲಿ ಜಾಗವಿದ್ದದ್ದು ಎಂಟು ಸಾವಿರ ಜನಕ್ಕೆ. ಕಂಡೆವೆನ್ನುವವರನ್ನು ಸಾಲಾಗಿ ನಿಲ್ಲಿಸಿದರೆ ನಲವತ್ತು ಸಾವಿರಕ್ಕೆ ಕಮ್ಮಿಯಿಲ್ಲ. ಅಂದು ಮೈದಾನದೊಳಗೇ ಇದ್ದು, ‘ನಾನು ನೋಡಲಿಲ್ಲ’ ಎಂದು ಒಪ್ಪಿಕೊಳ್ಳುವವನು ಒಬ್ಬನೇ. ಅವನನ್ನು ಜನ ಬೋರ್ಡು ಮಾವ ಎಂದು ಕರೆಯುತ್ತಾರೆ.

ಆಗ ವಾರದ ಆರು ದಿನ ಅವನು ಬಸ್ ಡಿಪೋದಲ್ಲಿ ಪೇಂಟರು. ಏಳನೆಯ ದಿನ ಕ್ಲಬ್ಬಿನ ಸ್ಕೋರ್ ಹಲಗೆ ಅವನದು. ಉತ್ತರದ ಗೋಲಿನ ಹಿಂದೆ, ಎರಡಾಳೆತ್ತರದ ಅಟ್ಟದ ಮೇಲೆ ಆ ಮರದ ಹಲಗೆ ನಿಂತಿತ್ತು. ಅದರಲ್ಲಿ ಎರಡು ಚೌಕ ಕಿಂಡಿ, ನಮ್ಮವರದ್ದೊಂದು, ಎದುರಾಳಿಯದ್ದೊಂದು. ತಗಡಿನ ಅಂಕಿಗಳನ್ನು ಹಿಂದಿನಿಂದ ಸಿಕ್ಕಿಸಬೇಕು. ಪಕ್ಕದ ಗೋಡೆ ಹತ್ತಿ ನಿಂತವನು ಕೆಂಪು ಬಾವುಟ ಬೀಸಿದರೆ ಗೋಲು ನಮ್ಮದು, ಬಿಳಿ ಬೀಸಿದರೆ ಅವರದು. ಮೊದಲ ವರ್ಷ ಮಾವ ಹಲಗೆಗೆ ಬೆರಳಗಲದ ತೂತು ಕೊರೆದು ಆಟ ನೋಡತೊಡಗಿದ್ದ. ನೋಡುತ್ತ ನೋಡುತ್ತ ಮೈಮರೆತು, ಗೋಲಾಗಿ ಹತ್ತು ನಿಮಿಷವಾದರೂ ಅಂಕಿ ಬದಲಿಸಲಿಲ್ಲ. ಮಾರನೆಯ ದಿನವೇ ಕಾರ್ಯದರ್ಶಿ ತೂತಿಗೆ ಹಲಗೆ ಚೂರು ಹೊಡೆಸಿದ. “ನೀನು ಆಟ ನೋಡೋಕೆ ಬಂದಿಲ್ಲ ಕಣಯ್ಯ, ತೋರಿಸೋಕೆ ಬಂದಿದೀಯ” ಎಂದ.

ಆಮೇಲೆ ಮಾವ ಆಟವನ್ನು ಕಿವಿಯಲ್ಲೇ ನೋಡಿದ. ಚೆಂಡು ಕಂಬಕ್ಕೆ ಬಡಿದರೆ ಎಂಟು ಸಾವಿರ ಜನ ಒಟ್ಟಿಗೆ ಹಾಲಿನ ಪಾತ್ರೆ ಕೈಬಿಟ್ಟಂತೆ ಉಸಿರೆಳೆಯುತ್ತಿದ್ದರು. ಗೋಲ್‌ಕೀಪರ್ ಹಿಡಿದರೆ ಸದ್ದು ಅರ್ಧಕ್ಕೆ ಮುರಿಯುತ್ತಿತ್ತು. ಗೋಲಾದಾಗ ಅಟ್ಟದ ಮೊಳೆಗಳೆಲ್ಲ ಅಲುಗುತ್ತಿದ್ದವು. ಬಾವುಟ ಏಳುವ ಮೊದಲೇ ಅವನ ಕೈ ತಗಡಿನ ಮೇಲಿರುತ್ತಿತ್ತು.

ಎಂಥ ಕಾಲ ಅದು! ಹನ್ನೊಂದು ವರ್ಷ, ಗೆದ್ದದ್ದು ಏಳು ಕಪ್. ಮದುವೆಯ ದಿನ ಗೊತ್ತುಮಾಡುವವರು ಮೊದಲು ಪಂದ್ಯದ ಪಟ್ಟಿ ನೋಡುತ್ತಿದ್ದರು. ಡಿಪೋದಲ್ಲಿ ಕಂಡಕ್ಟರು ಡ್ರೈವರುಗಳು ಮಾತು ಬಿಟ್ಟಿದ್ದರೂ ಭಾನುವಾರ ಸಂಜೆ ಒಂದೇ ಬೀಡಿ ಹಂಚಿಕೊಳ್ಳುತ್ತಿದ್ದರು. ಸೋಲೆಂದರೆ ಪಕ್ಕದೂರಿನವರಿಗೆ ಬರುವ ಕಾಯಿಲೆ ಎಂದುಕೊಂಡಿತ್ತು ಊರು. ಆ ಸೊಕ್ಕು ಮಾವನಿಗೂ ಹತ್ತಿತು. ಐದನೆಯ ವರ್ಷ ಬಚ್ಚಲಿನ ಸೂರು ಸೋರಿದಾಗ, ಎದುರಾಳಿಯ ಮೂರು, ನಾಲ್ಕು, ಐದರ ತಗಡುಗಳನ್ನು ಮನೆಗೆ ಹೊತ್ತು ತಂದು ಮೇಲೆ ಹೊಡೆದ. ನಮಗೆ ಮೂರು ಗೋಲು ಹೊಡೆಯುವ ಗಂಡು ಇನ್ನೂ ಹುಟ್ಟಬೇಕು ಎಂದ. ಕಾರ್ಯದರ್ಶಿಗೂ ಗೊತ್ತಿತ್ತು. ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕ.

ಹುಟ್ಟಿದ. ಹನ್ನೊಂದನೆಯ ವರ್ಷ ಬಿಳಿ ಬಾವುಟ ಮೂರನೆಯ ಸಲ ಎದ್ದಿತು. ಎದುರಾಳಿಯ ಅಂಕಿಗೆ ಕಪ್ಪು ಬಣ್ಣ, ನಮ್ಮದಕ್ಕೆ ಕೆಂಪು. ನಮ್ಮ ಕೆಂಪು ಮೂರು ಕಾಲಡಿಯಲ್ಲೇ ಇತ್ತು. ಅದನ್ನು ಅವರ ಕಿಂಡಿಗೆ ಸಿಕ್ಕಿಸಲು ಅವನ ಕೈ ಏಳಲಿಲ್ಲ. ಎರಡರ ತಗಡನ್ನು ತೆಗೆದ, ಕಿಂಡಿ ಹಾಗೆಯೇ ಬಾಯಿ ಬಿಟ್ಟುಕೊಂಡು ನಿಂತಿತು.

ಆ ವರ್ಷ ಕ್ಲಬ್ಬು ತನ್ನ ಮೂವರು ಒಳ್ಳೆಯ ಆಟಗಾರರನ್ನು ಮಾರಿಕೊಂಡಿತ್ತು. ಅಭ್ಯಾಸದ ಮೈದಾನದಲ್ಲಿ ಸಮಿತಿಯವರ ಲಾರಿಗಳು ನಿಲ್ಲುತ್ತಿದ್ದವು. ಅದನ್ನು ಯಾರೂ ಕೇಳಲಿಲ್ಲ. ಆನೆ ನುಂಗಿದವರೆಲ್ಲ ಕೂತು ತಗಡು ಒಯ್ದವನ ನ್ಯಾಯ ಮಾಡಿದರು. ಅಪಶಕುನದವನು ಎಂದು ಹೇಳಿ ಅಟ್ಟದ ಬೀಗದ ಕೈ ಕಿತ್ತುಕೊಂಡರು. ಕ್ಲಬ್ಬು ಮತ್ತೆ ಏಳಲೇ ಇಲ್ಲ.

ಈಗ ಮಾವನಿಗೆ ಎಪ್ಪತ್ತೆಂಟು. ಈ ವರ್ಷ ಸುವರ್ಣಯುಗದ ನೆನಪಿನ ಸಮಾರಂಭವಂತೆ. ಯಾರದೋ ಪೆಟ್ಟಿಗೆಯಲ್ಲಿ ಏಳನೆಯ ವರ್ಷದ ಫೈನಲ್ಲಿನ ಫಿಲ್ಮು ಸಿಕ್ಕಿದೆ, ಆ ಗೋಲು ಅದರಲ್ಲಿದೆ, ತೋರಿಸುತ್ತಾರೆ ಎಂದು ಸುದ್ದಿ ಬಂದ ದಿನದಿಂದ ಅವನು ಸರಿಯಾಗಿ ಉಣ್ಣಲಿಲ್ಲ. ಹೊಡೆದದ್ದು ಎಡಗಾಲಲ್ಲೋ ಬಲಗಾಲಲ್ಲೋ ಅದನ್ನೊಂದು ನೋಡಿಬಿಡಬೇಕು ಎಂದು ಮಗಳಿಗೆ ಹೇಳಿದ. ಮಗಳು ಹೊಲಿಗೆ ಕೆಲಸದವಳು. ಫುಟ್‌ಬಾಲೆಂದರೆ ಅವಳಿಗೆ ಅಪ್ಪನಿಲ್ಲದ ಭಾನುವಾರಗಳು, ಅಷ್ಟೇ. ಆದರೂ ಅವನನ್ನು ಪಾಸಿಗಾಗಿ ಕ್ಲಬ್ಬಿನ ಕಚೇರಿಗೆ ಕರೆದುಕೊಂಡು ಹೋದಳು.

ಈಗಿನ ಕಾರ್ಯದರ್ಶಿ ಹಳೆಯವನ ಮಗ. ಆಟಗಾರರ ಪಟ್ಟಿ, ದಾನಿಗಳ ಪಟ್ಟಿ, ಗಣ್ಯರ ಪಟ್ಟಿ ಎಲ್ಲ ತಿರುವಿದ.

“ಯಜಮಾನ್ರು ಯಾವುದರಲ್ಲಿ ಬರ್ತಾರಮ್ಮ?”

“ಹನ್ನೊಂದು ವರ್ಷ ನಿಮ್ಮ ಗೋಲೆಲ್ಲ ಎಣಿಸಿದ್ದು ಇವರೇ.”

ಅವನು ಕತ್ತೆತ್ತಿದ. “ಓ, ಆ ತಗಡಿನವರಾ?”

“ಹೌದು. ತಗಡು ತಂದವರು. ಮೈದಾನಾನೇ ಮನೆಗೆ ಹೊತ್ತು ತಂದಿದ್ರೆ ನೀವು ಮೊದಲನೇ ಸಾಲಲ್ಲೇ ಕೂರಿಸ್ತಿದ್ರಿ.”

ಪಾಸು ಸಿಕ್ಕಿತು. ಕೊನೆಯ ಸಾಲಿನದು.

ಸಭಾಂಗಣದಲ್ಲಿ ಭಾಷಣ ಎರಡು ಗಂಟೆ ನಡೆಯಿತು. ಆ ಕಾಲದಲ್ಲಿ ತೊಟ್ಟಿಲಲ್ಲಿದ್ದವರೂ ಶಾಲು ಹೊದೆಸಿಕೊಂಡರು. ಕೊನೆಗೆ ದೀಪ ಆರಿತು. ಪರದೆಯ ಮೇಲೆ ಬೂದುಬಣ್ಣದ ಮಳೆ, ಕೆಸರು, ಇಪ್ಪತ್ತೆರಡು ಚುಕ್ಕೆಗಳು. ಮಾವ ಕನ್ನಡಕ ಒರೆಸಿಕೊಂಡು ಮುಂದಕ್ಕೆ ಬಾಗಿದ. ಚೆಂಡು ಬಲಬದಿಯಿಂದ ಏರಿತು. ಅಷ್ಟರಲ್ಲಿ ಮೊದಲ ಸಾಲಿನ ಗಣ್ಯರು ಎದ್ದು ನಿಂತರು. ಅವರು ಎದ್ದರೆಂದು ಹಿಂದಿನವರು, ಅವರ ಹಿಂದಿನವರು. ಮಾವ ಮೊಣಕಾಲು ಹಿಡಿದು ಏಳುವ ಹೊತ್ತಿಗೆ ಅವನ ಮುಂದೆ ಬರೀ ಬೆನ್ನುಗಳ ಗೋಡೆ. ಗೋಡೆಯ ಆಚೆ ಕೂಗು ಎದ್ದಿತು. ಅವನ ಬಲಗೈ ತಾನಾಗಿಯೇ ಮೇಲೇರಿ, ಹಿಡಿಯಲು ಏನೂ ಇಲ್ಲದೆ ಗಾಳಿಯಲ್ಲಿ ನಿಂತಿತು. ಮಗಳು ಅದನ್ನು ನೋಡಿದಳು.

ಜನ ಊಟಕ್ಕೆ ಹೊರಟರು. ಅವಳು ನೆಟ್ಟಗೆ ಹೋಗಿ ಫಿಲ್ಮು ತೋರಿಸುವ ಮೆಷಿನ್ನಿನ ಹುಡುಗನ ಮುಂದೆ ನಿಂತಳು. ತಂತಿ ಸುತ್ತುತ್ತಿದ್ದವನು ಅವಳ ಮುಖ ನೋಡಿ ಅದನ್ನು ಮತ್ತೆ ಮೆಷಿನ್ನಿಗೆ ಸಿಕ್ಕಿಸಿದ. ಖಾಲಿ ಸಭಾಂಗಣದ ಮೊದಲ ಸಾಲಿನ ಮೆತ್ತನೆಯ ಕುರ್ಚಿಯಲ್ಲಿ ಅಪ್ಪನನ್ನು ಕೂರಿಸಿದಳು.

ಚೆಂಡು ಬಲಬದಿಯಿಂದ ಏರಿತು. ಹತ್ತನೆಯ ನಂಬರಿನವನು ಜಾರಿದ. ಚೆಂಡು ಅವನ ಮೊಣಕಾಲಿಗೆ ಬಡಿದು, ಮುದುಕಿ ಬಾಗಿಲು ದಾಟುವಂತೆ ತೆವಳಿಕೊಂಡು ಗೆರೆ ದಾಟಿತು. ಎಡಗಾಲೂ ಅಲ್ಲ, ಬಲಗಾಲೂ ಅಲ್ಲ.

ಮಗಳು ಅಪ್ಪನ ಮುಖ ನೋಡಿದಳು. ಇಷ್ಟಕ್ಕಾಗಿ ಈ ಮನುಷ್ಯ ನಲವತ್ತು ಚಿಲ್ಲರೆ ವರ್ಷ ಕಾದದ್ದು. “ಬೇಜಾರಾಯ್ತೇನಪ್ಪ?”

ಅವನು ಹುಡುಗನ ಕಡೆ ತಿರುಗಿದ. “ಮಗಾ, ಅದರ ಮುಂದಿಂದು ಹಾಕು. ಜನದ್ದು.”

ಮಳೆಯಲ್ಲಿ ತೊಯ್ದ ಮೆಟ್ಟಿಲುಗಳು. ಇಸ್ತ್ರಿ ಅಂಗಿಯ ಗುಮಾಸ್ತನೊಬ್ಬ ಪಕ್ಕದ ಹಮಾಲನನ್ನು ತಬ್ಬಿಕೊಂಡು ಕುಣಿಯುತ್ತಿದ್ದ. ಅವರಿಬ್ಬರಿಗೆ ಮೊದಲು ಪರಿಚಯವಿದ್ದಂತೆ ಕಾಣಲಿಲ್ಲ. ಯಾರೋ ಯಾರದೋ ತಲೆ ಒರೆಸುತ್ತಿದ್ದರು. ಯಾರೋ ಯಾರನ್ನೋ ಹೆಗಲಿಗೇರಿಸಿದರು.

“ಹೀಗೆ ಮಾಡ್ತಿದ್ರಾ?” ಎಂದ ಮಾವ. “ಪ್ರತಿ ಸಲಾನೂ?”

“ಅಪ್ಪ, ನನಗೆ ಹೇಗೆ ಗೊತ್ತಾಗುತ್ತೆ? ನಾನು ಮನೇಲಿರ್ತಿದ್ದೆ.”

“ಕೂಗ್ತಾರೆ ಅನ್ನೋದಷ್ಟೇ ನನಗೆ ಗೊತ್ತಿತ್ತು. ಒಬ್ಬರನ್ನೊಬ್ಬರು ಹಿಡ್ಕೋತಾರೆ ಅಂತ ಯಾರೂ ಹೇಳಲೇ ಇಲ್ಲ ಕಣಮ್ಮ.”

ಹುಡುಗ ಇನ್ನೊಂದು ಸಲ ಹಾಕಲೇ ಎಂದು ಕೇಳಿದ. ಮಾವ ಹೂಂ ಎಂದ. ಗೋಲು ಬೇಡ, ಜನ ಸಾಕು ಎಂದ.