ಕೆಳಮನೆಯವರ ಕಾಡರಿಶಿನ

ಮೊಣಕಾಲಿನ ತನಕ ಬರುವ ಕಪ್ಪು ಗಂಬೂಟು, ಅದರ ಮೇಲೆ ಹೂಹೂವಿನ ನೈಟಿ, ಹೆಗಲ ಮೇಲೊಂದು ಟವೆಲ್ಲು. ಮಳೆಗಾಲ ಬಂತೆಂದರೆ ಮುಂಬೈ ಹತ್ತಿರದ ಠಾಕುರ್ಲಿಯ ನಮ್ಮ ಕಟ್ಟಡದ ಹಿತ್ತಲಲ್ಲಿ ಕೆಳಮನೆಯವರು ಕಾಣಿಸುತ್ತಿದ್ದದ್ದು ಈ ವೇಷದಲ್ಲಿ.

ಉಡುಪಿ ಕಡೆಯವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ನಿವೃತ್ತರಾಗಿದ್ದರು. ವರ್ಷಗಟ್ಟಲೆ ಬೇರೆಯವರ ಮಾತು ಜೋಡಿಸಿದ್ದಕ್ಕೋ ಏನೋ, ತಮ್ಮ ಮಾತನ್ನು ಮಾತ್ರ ತುಂಡು ತುಂಡಾಗಿ ಆಡುತ್ತಿದ್ದರು. ಕಟ್ಟಡದವರಿಗೆಲ್ಲ ಅವರು ಮಾವಶಿ, ಮರಾಠಿಯ ಚಿಕ್ಕಮ್ಮ. ಮೈಸೂರಿನಿಂದ ಮದುವೆಯಾಗಿ ಬಂದ ನನಗೆ ಅಮ್ಮ. ನನ್ನ ಮೇಲೆ ಅವರಿಗೆ ವಿಶೇಷ ಪ್ರೀತಿ ಇತ್ತೆಂದು ಹೇಳಲಾರೆ. ಕನ್ನಡದಲ್ಲಿ ಬೈಯಲು ಒಬ್ಬಳು ಸಿಕ್ಕಿದ್ದೆ, ಅಷ್ಟೆ.

ಒಂದು ಜುಲೈನಲ್ಲಿ ಖಾರಘರದ ಮಗಳ ಮನೆಗೆ ಹೊರಟವರು ನನ್ನನ್ನೂ ಕರೆದೊಯ್ದರು. ಅಲ್ಲಿ ಮನೆಯ ಹಿಂದಿನ ಗುಡ್ಡವನ್ನು ರಸ್ತೆಗಾಗಿ ಕಡಿಯುತ್ತಿದ್ದರು. ಜೆಸಿಬಿಯ ಎದುರಿನ ಇಳಿಜಾರಿನಲ್ಲಿ, ಅರಿಶಿನದಂಥ ಎಲೆಗಳ ನಡುವೆ ಹಳದಿ ಹೂಗಳು ತಲೆ ಎತ್ತಿದ್ದವು, ನೆತ್ತಿಗೆ ನೇರಳೆಗೆಂಪಿನ ಕುಚ್ಚು. "ಕಾಡರಿಶಿನ" ಎಂದವರೇ ಕೊಡೆಯನ್ನು ನನ್ನ ಕೈಗೆ ತುರುಕಿ ಯಂತ್ರದ ಮುಂದೆ ಹೋಗಿ ನಿಂತರು.

"ಭಯ್ಯಾ, ಥೋಡಾ ರುಕೋ!"

ಡ್ರೈವರ್ ಕೂಗಾಡಿದ. ಅವರು ಕುಕ್ಕರಗಾಲಲ್ಲಿ ಕೂತು ಕೈಯಲ್ಲೇ ಮಣ್ಣು ಬಗೆಯತೊಡಗಿದರು. ಕೊನೆಗೆ ಆತನೇ ಇಂಜಿನ್ ಆರಿಸಿ ಬೀಡಿ ಹಚ್ಚಿಕೊಂಡ.

"ಅಮ್ಮ, ಎಲ್ರೂ ನೋಡ್ತಿದ್ದಾರೆ."

"ನೋಡ್ಲಿ. ನೀವು ಚೀಲ ಹಿಡೀರಿ."

ಕೆಸರು ಸೋರುವ ಚೀಲ ಹೊತ್ತು ಥಾಣೆಯಲ್ಲಿ ರೈಲು ಬದಲಿಸಿ ಮನೆ ಸೇರಿದೆವು. ಲೇಡೀಸ್ ಡಬ್ಬಿಯಲ್ಲಿ ಆ ದಿನ ನಮ್ಮ ಸುತ್ತ ಜಾಗವೋ ಜಾಗ.

ಟ್ಯಾಂಕಿ ತುಂಬಿ ನೀರು ಚೆಲ್ಲುವ ಕಡೆ, ಮಾವಿನಮರದ ನೆರಳಲ್ಲಿ ಗಡ್ಡೆಗಳನ್ನು ನೆಟ್ಟರು. ಮಳೆ ಹಿಂದೆಗೆದ ಮೇಲೆ ಎಲೆಗಳು ಹಣ್ಣಾಗಿ ಒರಗಿದವು. ಚಳಿಗಾಲಕ್ಕೆ ಅಲ್ಲಿ ಏನೂ ಇರಲಿಲ್ಲ. ಸತ್ತೇ ಹೋಯಿತಲ್ಲ ಎಂದೆ.

"ಸತ್ತದ್ದಲ್ಲ ಮಾರಾಯ್ರೆ. ಹೋಲ್ಡಲ್ಲಿ ಉಂಟು. ಮಳೆಗೆ ಬರ್ತದೆ."

ಬಂತು. ಕೆಲವೇ ವರ್ಷಗಳಲ್ಲಿ ಗೋಡೆಯುದ್ದಕ್ಕೂ ಹಬ್ಬಿತು. ಗೌರಿ ಹಬ್ಬದ ಹೊತ್ತಿಗೆ ಮರಾಠಿ ಮನೆಗಳವರೆಲ್ಲ ಹೂ ಕೇಳಿಕೊಂಡು ಬರುತ್ತಿದ್ದರು. ಅಮ್ಮ ಕೊಡುತ್ತಿದ್ದರು, ಆದರೆ ತಾವೇ ಕೊಯ್ದು. ಇನ್ನೊಬ್ಬರ ಕೈಗೆ ಕತ್ತರಿ ಕೊಡುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಸೊಸೈಟಿಯ ಮೀಟಿಂಗಿನಲ್ಲಿ ಆ ಜಾಗಕ್ಕೆ ಪೇವರ್ ಬ್ಲಾಕ್ ಹಾಕಿಸಿ ಸ್ಕೂಟರ್ ನಿಲ್ಲಿಸುವ ಮಾತು ಬಂತು.

"ತಿಥೆ ಕಾಯ್ ಆಹೇ, ಮಾವಶಿ? ನುಸ್ತೀ ಮಾತೀ" ಎಂದರು ಸೆಕ್ರೆಟರಿ. ಅಲ್ಲೇನಿದೆ, ಬರೀ ಮಣ್ಣು. ಆ ತಿಂಗಳಲ್ಲಿ ಯಾರು ನೋಡಿದರೂ ಕಾಣುತ್ತಿದ್ದದ್ದು ಅದೇ. ಮಳೆಗಾಲ ಮುಗಿಯುವ ತನಕ ತಡೆಯಿರಿ ಎಂದು ಅಮ್ಮ ಕೇಳಿದರು. ಹಬ್ಬಕ್ಕೆ ಹೂ ಒಯ್ದವರೂ ಪಾರ್ಕಿಂಗಿಗೇ ಕೈ ಎತ್ತಿದರು. ಅವರ ಪರ ನಿಂತದ್ದು ನಾನೊಬ್ಬಳೇ.

ಅಮ್ಮ ಜಗಳವಾಡಲಿಲ್ಲ. ಮರುದಿನ ಗುದ್ದಲಿ ಹಿಡಿದು ಗಡ್ಡೆಗಳನ್ನೆಲ್ಲ ಅಗೆದು ತೆಗೆದರು. ಹಳೆಯ ಬಕೆಟ್ಟು, ಎಣ್ಣೆ ಡಬ್ಬ, ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿ ಎಂದು ಸಿಕ್ಕಿದ್ದರಲ್ಲೆಲ್ಲ ನೆಟ್ಟು, ಒಂದೊಂದೇ ಮನೆಯ ಮುಂದೆ ಇಟ್ಟು ಬೆಲ್ ಒತ್ತಿದರು. ಕೈ ಎತ್ತಿದವರನ್ನೂ ಬಿಡಲಿಲ್ಲ. ಬಾಗಿಲು ತೆರೆದವರಿಗೆ ಮರಾಠಿಯಲ್ಲಿ ಹೇಳಿದ್ದು ಇಷ್ಟೇ: ಹೂ ಬೇಕಿದ್ದರೆ ಸಾಕಿಕೊಳ್ಳಿ, ಇನ್ನು ನನ್ನ ಬಾಗಿಲಿಗೆ ಬರಬೇಡಿ.

ಕೆಲವರು ಎಸೆದರು. ಮೂರನೇ ಮಹಡಿಯವರು ಅಡುಗೆಯ ಅರಿಶಿನವೆಂದು ತಿಳಿದು ಗಡ್ಡೆಯನ್ನು ಕುದಿಸಿಯೂಬಿಟ್ಟರು. ಮಳೆ ಹಿಡಿದ ಮೇಲೆ ಎಲ್ಲಕ್ಕಿಂತ ಮೊದಲು ಹೂ ಬಿಟ್ಟದ್ದು ಸೆಕ್ರೆಟರಿಯ ಬಾಲ್ಕನಿಯಲ್ಲಿ. ಅವರ ಹೆಂಡತಿ ಎಸಿಯ ನೀರು ಅದಕ್ಕೇ ಬೀಳುವಂತೆ ಪೈಪು ತಿರುಗಿಸಿದ್ದರು. ಅಮ್ಮ ಹೊಸ ಬ್ಲಾಕುಗಳ ಮೇಲೆ ನಿಂತು, ಕತ್ತೆತ್ತಿ ಬಹಳ ಹೊತ್ತು ನೋಡಿದರು.

ಆಗಸ್ಟಿನಲ್ಲಿ ನ್ಯುಮೋನಿಯಾ ಆಗಿ ಅವರನ್ನು ಕಲ್ಯಾಣದ ಆಸ್ಪತ್ರೆಗೆ ಸೇರಿಸಿದರು. ಅವರ ಪಾಲಿನ ಬಕೆಟ್ಟನ್ನು ನಾನು ನನ್ನ ಬಾಲ್ಕನಿಗೆ ತಂದಿಟ್ಟೆ. ಗಾಳಿಗೆ ವಾಲುತ್ತಿದ್ದ ಗಿಡವನ್ನು ಗ್ರಿಲ್ಲಿಗೆ ದಾರದಿಂದ ಕಟ್ಟಿದೆ. ಹೂ ಬಿಟ್ಟಾಗ ಕೊಯ್ದು ಒಯ್ದರೆ ನರ್ಸ್ ಒಳಗೆ ಬಿಡಲಿಲ್ಲ. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಆಕ್ಸಿಜನ್ ಮಾಸ್ಕ್ ಸರಿಸಿ, ಕಣ್ಣು ಕಿರಿದಾಗಿಸಿ ನೋಡಿದರು.

"ಎಂತಕ್ಕೆ ಇಷ್ಟು ಬಿಗಿ ಕಟ್ಟಿದ್ದು? ಬಿಚ್ಚಿ."

"ಬಿದ್ದೋಗುತ್ತೆ, ಅಮ್ಮ."

"ಬೀಳ್ಲಿ. ಗುಡ್ಡದ್ದು ಅದು. ಅದಕ್ಕೆ ಗೊತ್ತುಂಟು."

ನನ್ನೊಡನೆ ಆಡಿದ ಕೊನೆಯ ಮಾತು ಅದು. ಮರುದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತೆ. ಮಳೆಗೆ ನೆಂದ ದಾರದ ಗಂಟು ಕಚ್ಚಿಕೊಂಡಿತ್ತು. ಉಗುರಿನಿಂದ ಬಿಡಿಸುತ್ತಿರುವಾಗ ಅವರ ಮಗಳ ಫೋನು ಬಂತು. ಎದ್ದು ನಿಂತು ಕೇಳಿದೆ, "ಹೊರಡ್ತೀನಿ" ಎಂದೆ. ಫೋನಿಟ್ಟು ಮತ್ತೆ ಕೂತು, ಉಳಿದ ಗಂಟನ್ನೂ ಬಿಚ್ಚಿದೆ.